ಮುಖ್ಯಮಂತ್ರಿ ಕುರ್ಚಿಯಿಂದ ರಾಯಭಾರ ಕಚೇರಿಗೆ: ಗ್ಯಾರಿ ಡೋರ್ ನೇಮಕ ಸರಿಯಿತ್ತೆ?

2009ರ ಆಗಸ್ಟ್ 27ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಪ್ರೀಮಿಯರ್ ಗ್ಯಾರಿ ಡೋರ್ ತಾವು ಹುದ್ದೆ ಬಿಡುವುದಾಗಿ ಹೇಳಿದರು. ಪ್ರೀಮಿಯರ್ ಎಂದರೆ ನಮ್ಮಲ್ಲಿಯ ಮುಖ್ಯಮಂತ್ರಿ. ಮಾರನೆಯ ದಿನವೇ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರನ್ನು ಅಮೆರಿಕಕ್ಕೆ ಕೆನಡಾದ ರಾಯಭಾರಿ ಎಂದು ಪ್ರಕಟಿಸಿದರು. ಡೋರ್ ಎಡಪಂಥದ ನ್ಯೂ ಡೆಮಾಕ್ರಟಿಕ್ ಪಕ್ಷದವರು, ಹಾರ್ಪರ್ ಕನ್ಸರ್ವೇಟಿವ್. ಅಕ್ಟೋಬರ್ 19ರಂದು ಅಧಿಕಾರ ವಹಿಸಿಕೊಂಡ ಡೋರ್ 2016ರ ಆರಂಭದವರೆಗೆ ವಾಷಿಂಗ್ಟನ್ನಿನಲ್ಲಿದ್ದರು. ವಿದೇಶಾಂಗ ಸೇವೆಯಲ್ಲಿ ಒಂದು ದಿನವೂ ದುಡಿಯದ ಪ್ರಾಂತೀಯ ರಾಜಕಾರಣಿಯನ್ನು ದೇಶದ ಅತಿ ದೊಡ್ಡ ರಾಯಭಾರ ಹುದ್ದೆಗೆ ಕಳಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳಿವೆ.

ಪರ: ಆ ಕೆಲಸ ಅವರು ಹತ್ತು ವರ್ಷದಿಂದ ಮಾಡುತ್ತಲೇ ಇದ್ದರು

ವಾಷಿಂಗ್ಟನ್ನಿನಲ್ಲಿ ಹೆಚ್ಚಿನ ದೇಶಗಳ ರಾಯಭಾರ ಕಚೇರಿಗಳು ಮ್ಯಾಸಚೂಸೆಟ್ಸ್ ಅವೆನ್ಯೂ ಆಸುಪಾಸಿನಲ್ಲಿವೆ. ಕೆನಡಾದ ಕಚೇರಿ ಮಾತ್ರ ಪೆನ್ಸಿಲ್ವೇನಿಯಾ ಅವೆನ್ಯೂ 501ರಲ್ಲಿ, ಕಾಂಗ್ರೆಸ್ ಭವನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಅದು ತೆರೆದದ್ದು 1989ರಲ್ಲಿ. ಅಲ್ಲಿ ಕೂತವರ ಕೆಲಸ ಏನೆಂದು ಆ ವಿಳಾಸವೇ ಹೇಳುತ್ತದೆ.

ಕೆನಡಾಕ್ಕೆ ಅಮೆರಿಕದಿಂದ ಪೆಟ್ಟು ಬೀಳುವ ಬಗೆಯನ್ನು ಮೊದಲು ನೋಡೋಣ. ಯಾವುದೋ ಉಪಸಮಿತಿಯಲ್ಲಿ, ದನ ಸಾಕುವವರು ಹೆಚ್ಚಿರುವ ಕ್ಷೇತ್ರದ ಸದಸ್ಯರೊಬ್ಬರು ಮಸೂದೆಗೆ ಎರಡು ಸಾಲು ಸೇರಿಸುತ್ತಾರೆ. ಅವರ ಮನಸ್ಸಿನಲ್ಲಿ ಕೆನಡಾ ಇರುವುದೇ ಇಲ್ಲ, ಇರುವುದು ತಮ್ಮೂರಿನ ಮತದಾರ. ಆ ಎರಡು ಸಾಲು ಕಾನೂನಾದರೆ ಗಡಿಯ ಈಚೆ ಒಂದು ಉದ್ಯಮವೇ ಮುಚ್ಚಬಹುದು. ಅದನ್ನು ತಡೆಯಲು ಒಂದು ಕ್ರಮವಿದೆ. ಆ ಸದಸ್ಯರ ಕ್ಷೇತ್ರದಿಂದ ಕೆನಡಾಕ್ಕೆ ಏನು ಹೋಗುತ್ತದೆ, ಏನು ಬರುತ್ತದೆ ಎಂಬ ಲೆಕ್ಕ ಮೊದಲು ಬೇಕು. ಮಸೂದೆಯಿಂದ ಅಲ್ಲೇ ಯಾರಿಗೆ ನಷ್ಟ ಎಂದು ಆಮೇಲೆ ಹುಡುಕಬೇಕು: ಕಸಾಯಿಖಾನೆ ಮಾಲೀಕರೋ, ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೋ. ನಷ್ಟಕ್ಕೆ ಗುರಿಯಾಗುವವರೇ ತಮ್ಮ ಸದಸ್ಯರ ಬಳಿ ಹೋಗಿ ಮಾತಾಡುವಂತೆ ನೋಡಿಕೊಳ್ಳಬೇಕು. ಸಾಧ್ಯವಾದರೆ ಆ ರಾಜ್ಯದ ಗವರ್ನರ್ ಒಂದು ಪತ್ರ ಬರೆಯಬೇಕು. ರಾಯಭಾರಿ ಹೋಗುವುದು ಇದೆಲ್ಲ ಆದ ಮೇಲೆ, ಕೊನೆಯಲ್ಲಿ. ಮೊದಲೇ ಹೋದರೆ ಹೊರದೇಶದವರು ಮೂಗು ತೂರಿಸಿದರು ಎಂದು ಕೆಲಸ ಕೆಡುತ್ತದೆ. ಆತಿಥೇಯ ದೇಶದ ಆಂತರಿಕ ವ್ಯವಹಾರದಲ್ಲಿ ತಲೆಹಾಕಬಾರದು ಎಂದು 1961ರ ವಿಯೆನ್ನಾ ಒಪ್ಪಂದದ 41ನೇ ವಿಧಿಯೇ ಹೇಳುತ್ತದೆ. ಪ್ರತಿನಿಧಿ ಸಭೆಯಲ್ಲಿ 435 ಮಂದಿ, ಸೆನೆಟ್‌ನಲ್ಲಿ 100 ಮಂದಿ, ರಾಜ್ಯಗಳಲ್ಲಿ 50 ಗವರ್ನರುಗಳು. ಇವರೆಲ್ಲ ಮತ ಕೇಳಿ ಬಂದವರು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ಆಯ್ಕೆಯಾಗಿ ರಾಜ್ಯ ಆಳುವವರು. ಕ್ಷೇತ್ರದ ಒತ್ತಡ ಎಂದರೆ ಏನೆಂದು ಅನುಭವಿಸಿ ಬಲ್ಲವರೊಡನೆ ಅವರು ಮಾತಾಡುವ ಧಾಟಿಯೇ ಬೇರೆ.

ಡೋರ್ ಹಿನ್ನೆಲೆ ಈ ಕೆಲಸಕ್ಕೆ ಹೊಂದುವಂಥದ್ದು. 1948ರಲ್ಲಿ ಮ್ಯಾನಿಟೋಬಾದ ರಾಜಧಾನಿ ವಿನಿಪೆಗ್‌ನಲ್ಲಿ ಹುಟ್ಟಿದ ಅವರು ವಿಶ್ವವಿದ್ಯಾಲಯವನ್ನು ಒಂದೇ ವರ್ಷಕ್ಕೆ ಬಿಟ್ಟರು, ಬಾಲಾಪರಾಧಿಗಳ ಕೇಂದ್ರದಲ್ಲಿ ನೌಕರಿ ಮಾಡಿದರು. 1979ರಿಂದ 1986ರವರೆಗೆ ಪ್ರಾಂತ್ಯದ ಸರ್ಕಾರಿ ನೌಕರರ ಸಂಘದ ಅಧ್ಯಕ್ಷರಾಗಿದ್ದರು. ಸಂಬಳದ ಮಾತುಕತೆಗೆ ಸರ್ಕಾರದ ಎದುರು ಕೂತು ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಕಲಿತದ್ದು ಅಲ್ಲಿ. 1986ರಲ್ಲಿ ಶಾಸಕರಾಗಿ, ಕೂಡಲೇ ಸಚಿವರೂ ಆದರು. 1988ರಲ್ಲಿ ಸ್ವಪಕ್ಷದ ಒಬ್ಬ ಶಾಸಕರೇ ಬಜೆಟ್ ವಿರುದ್ಧ ಮತ ಹಾಕಿ ಸರ್ಕಾರ ಉರುಳಿದಾಗ, ಪಕ್ಷದ ನಾಯಕತ್ವ ಇವರ ಹೆಗಲಿಗೆ ಬಿತ್ತು. ಆ ಚುನಾವಣೆಯಲ್ಲಿ 57 ಸ್ಥಾನಗಳ ಪೈಕಿ ಸಿಕ್ಕಿದ್ದು 12, ಪಕ್ಷ ಮೂರನೆಯ ಸ್ಥಾನಕ್ಕೆ ಇಳಿಯಿತು. ಅಲ್ಲಿಂದ ಹನ್ನೊಂದು ವರ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತು 1999ರಲ್ಲಿ 32, 2003ರಲ್ಲಿ 35, 2007ರಲ್ಲಿ 36 ಸ್ಥಾನ ಗೆದ್ದರು. ಸೋತು, ಕಾದು, ಗೆದ್ದವರು ಎದುರಾಳಿಯ ಕಷ್ಟವನ್ನೂ ಓದಬಲ್ಲರು.

ನೀರಿನ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರೆಡ್ ನದಿ ಅಮೆರಿಕದ ನಾರ್ತ್ ಡಕೋಟ, ಮಿನ್ನೆಸೋಟ ರಾಜ್ಯಗಳ ನಡುವೆ ಹರಿದು ಉತ್ತರಕ್ಕೆ ಸಾಗಿ ಮ್ಯಾನಿಟೋಬಾ ಸೇರುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರಿಗೆ. ಕಾವೇರಿಯಲ್ಲಿ ಮೇಲಿದ್ದು, ಕೃಷ್ಣೆಯಲ್ಲಿ ಮಹಾರಾಷ್ಟ್ರದ ಕೆಳಗಿರುವ ನಮಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. 1997ರ ಮಹಾಪೂರದ ನಂತರ ವಿನಿಪೆಗ್ ಸುತ್ತ ಇರುವ 47 ಕಿಲೋಮೀಟರ್ ಉದ್ದದ ನೆರೆಗಾಲುವೆಯನ್ನು ಹಿಗ್ಗಿಸುವ ಕೆಲಸ ಡೋರ್ ಸರ್ಕಾರದ ಕಾಲದಲ್ಲಿ, 2005ರಲ್ಲಿ ಶುರುವಾಯಿತು. 60,000 ಕ್ಯೂಸೆಕ್ ನೀರಿಗೆ ಕಟ್ಟಿದ್ದ ಕಾಲುವೆಯನ್ನು 1,40,000 ಕ್ಯೂಸೆಕ್ ಸಾಗಿಸುವಂತೆ ಅಗಲಿಸಿದರು. ಸುಮಾರು 90 ವರ್ಷಕ್ಕೊಮ್ಮೆ ಬರುವ ನೆರೆಯನ್ನು ತಾಳುತ್ತಿದ್ದ ಊರು 700 ವರ್ಷಕ್ಕೊಮ್ಮೆ ಬರುವಂಥ ನೆರೆಗೂ ಸಿದ್ಧವಾಯಿತು. ಖರ್ಚು ಸುಮಾರು 66.5 ಕೋಟಿ ಕೆನಡಾ ಡಾಲರ್, ಒಟ್ಟಾವಾದ ಕೇಂದ್ರ ಸರ್ಕಾರವೂ ಪಾಲು ಕೊಟ್ಟಿತು. ಬೇರೆ ಪಕ್ಷದ ಕೇಂದ್ರದಿಂದ ಹಣ ತರುವುದನ್ನೂ, ಗಡಿಯಾಚೆಯ ರಾಜ್ಯದ ಎಂಜಿನಿಯರುಗಳೊಡನೆ ಲೆಕ್ಕ ಹೊಂದಿಸುವುದನ್ನೂ ಒಟ್ಟೊಟ್ಟಿಗೆ ಮಾಡಿದ ಅನುಭವ ಅದು.

ಡೆವಿಲ್ಸ್ ಲೇಕ್ ವಿವಾದ ಇನ್ನೊಂದು. ಹೊರಹರಿವಿಲ್ಲದ ಆ ಸರೋವರ ಉಕ್ಕಿ ಹೊಲ ಮನೆಗಳನ್ನು ನುಂಗತೊಡಗಿದಾಗ ನಾರ್ತ್ ಡಕೋಟ ಕಾಲುವೆ ತೋಡಿ ನೀರನ್ನು ಶೆಯೆನ್ ನದಿಗೆ, ಅದರ ಮೂಲಕ ರೆಡ್ ನದಿಗೆ ಬಿಡಲು ಹೊರಟಿತು. ನೀರಿನ ಜೊತೆ ಸಲ್ಫೇಟು, ಲವಣ, ಹೊಸ ಜಾತಿಯ ಜೀವಿಗಳು ವಿನಿಪೆಗ್ ಸರೋವರಕ್ಕೆ ಬಂದರೆ ಅಲ್ಲಿಯ ಮೀನುಗಾರರ ಗತಿ ಏನು? ಡೋರ್ ಇದನ್ನು ವಾಷಿಂಗ್ಟನ್‌ವರೆಗೂ ಒಯ್ದರು. 2005ರ ಆಗಸ್ಟ್‌ನಲ್ಲಿ ಜಲ್ಲಿಕಲ್ಲಿನ ಸೋಸುಕಟ್ಟೆ ಹಾಕುವ ಒಪ್ಪಂದವಾಯಿತು. ಬಯಸಿದ್ದೆಲ್ಲ ಸಿಗಲಿಲ್ಲ, ನಿಜ. ಆದರೆ ಈ ಜಗಳದಲ್ಲಿ ಎದುರಿಗಿದ್ದ ನಾರ್ತ್ ಡಕೋಟ ಗವರ್ನರ್ ಜಾನ್ ಹೊವೆನ್ 2011ರಲ್ಲಿ ಸೆನೆಟರ್ ಆದರು, ಕೀಸ್ಟೋನ್ ಎಕ್ಸ್‌ಎಲ್ ತೈಲ ಕೊಳವೆಯ ಪರ ಸೆನೆಟ್‌ನಲ್ಲಿ ಮುಂದೆ ನಿಂತವರೂ ಅವರೇ. ಎದುರಾಳಿಯಾಗಿದ್ದವರೇ ಜೊತೆಗಾರರಾಗುವುದು ಇಂಥ ಹಳೆಯ ಪರಿಚಯದಲ್ಲಿ ಸುಲಭ.

2009ರ ವಾಷಿಂಗ್ಟನ್ನನ್ನೂ ಗಮನಿಸಬೇಕು. ಒಬಾಮ ಸಂಪುಟದಲ್ಲಿ ಗಡಿ ನೋಡಿಕೊಳ್ಳುವ ಆಂತರಿಕ ಭದ್ರತಾ ಇಲಾಖೆ ಜಾನೆಟ್ ನಪೊಲಿಟಾನೊ ಕೈಯಲ್ಲಿತ್ತು, ಅವರು ಅರಿಜೋನ ಗವರ್ನರ್ ಆಗಿದ್ದವರು. ಕೃಷಿ ಟಾಮ್ ವಿಲ್ಸಾಕ್ ಅವರದ್ದು, ಅಯೋವದ ಮಾಜಿ ಗವರ್ನರ್. ವಾಣಿಜ್ಯ ಗ್ಯಾರಿ ಲಾಕ್, ವಾಷಿಂಗ್ಟನ್ ರಾಜ್ಯದವರು. ಆರೋಗ್ಯ ಕ್ಯಾಥ್ಲೀನ್ ಸೆಬಿಲಿಯಸ್, ಕ್ಯಾನ್ಸಸ್‌ನವರು. ಡೋರ್ ಪ್ರೀಮಿಯರ್ ಆಗಿದ್ದ ವರ್ಷಗಳಲ್ಲೇ ಇವರೆಲ್ಲ ತಂತಮ್ಮ ರಾಜ್ಯ ಆಳಿದವರು. ಕೆನಡಾಕ್ಕೆ ಬೇಕಾದ ಬಾಗಿಲುಗಳೆಲ್ಲ ಮಾಜಿ ಗವರ್ನರುಗಳ ಕೈಯಲ್ಲಿದ್ದಾಗ ಒಬ್ಬ ಮಾಜಿ ಪ್ರೀಮಿಯರನ್ನು ಕಳಿಸಿದ್ದು ಲೆಕ್ಕ ಹಾಕಿಯೇ ಮಾಡಿದ ಕೆಲಸ.

ಮೊದಲ ಪರೀಕ್ಷೆ ಕೂಡಲೇ ಎದುರಾಯಿತು. 2009ರ ಫೆಬ್ರವರಿಯ 78,700 ಕೋಟಿ ಡಾಲರ್‌ಗಳ ಅಮೆರಿಕನ್ ಆರ್ಥಿಕ ಚೇತರಿಕೆ ಕಾನೂನಿನಲ್ಲಿ ಕಬ್ಬಿಣ, ಉಕ್ಕು, ತಯಾರಿಕಾ ವಸ್ತುಗಳನ್ನು ಅಮೆರಿಕದಿಂದಲೇ ಕೊಳ್ಳಬೇಕೆಂಬ ಷರತ್ತಿತ್ತು. ಪೌರಸಂಸ್ಥೆಗಳ ನೀರಿನ ಕೊಳವೆ, ಪಂಪುಗಳ ಟೆಂಡರಿನಿಂದ ಕೆನಡಾ ಕಂಪನಿಗಳು ಹೊರಬಿದ್ದವು. ಇದಕ್ಕೆ ಪರಿಹಾರ ಬೇಕೆಂದರೆ ಕೆನಡಾದ ಪ್ರಾಂತ್ಯಗಳೂ ತಮ್ಮ ಟೆಂಡರುಗಳನ್ನು ಅಮೆರಿಕದವರಿಗೆ ತೆರೆಯಬೇಕಿತ್ತು. ಅಲ್ಲೊಂದು ತೊಡಕು: ಆಗ ಕೆನಡಾಕ್ಕೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1937ರಲ್ಲಿ ಕೊಟ್ಟ ತೀರ್ಪಿನಂತೆ ಒಟ್ಟಾವಾ ಯಾವ ಒಪ್ಪಂದಕ್ಕಾದರೂ ಸಹಿ ಹಾಕಬಹುದು, ಆದರೆ ಪ್ರಾಂತ್ಯದ ಅಧಿಕಾರದೊಳಗಿನ ವಿಷಯದಲ್ಲಿ ಅದನ್ನು ಜಾರಿ ಮಾಡಬೇಕಾದದ್ದು ಪ್ರಾಂತ್ಯಗಳೇ. ಹಾಗಾಗಿ ವಾಷಿಂಗ್ಟನ್‌ನಷ್ಟೇ ಟೊರಾಂಟೊ, ಎಡ್ಮಂಟನ್, ವಿನಿಪೆಗ್ ಎಂಬ ಪ್ರಾಂತೀಯ ರಾಜಧಾನಿಗಳೂ ಮುಖ್ಯ. 2010ರ ಫೆಬ್ರವರಿ 16ರಂದು ಜಾರಿಗೆ ಬಂದ ಒಪ್ಪಂದದಲ್ಲಿ ಪ್ರಾಂತ್ಯಗಳು ಮೊದಲ ಬಾರಿಗೆ ವಿಶ್ವ ವಾಣಿಜ್ಯ ಸಂಸ್ಥೆಯ ಸರ್ಕಾರಿ ಖರೀದಿ ನಿಯಮಕ್ಕೆ ಒಳಪಟ್ಟವು, ಬದಲಿಗೆ 37 ಅಮೆರಿಕನ್ ರಾಜ್ಯಗಳ ಖರೀದಿಗೆ ದಾರಿ ಸಿಕ್ಕಿತು. ನಾಲ್ಕು ತಿಂಗಳ ಹಿಂದಷ್ಟೇ ಪ್ರೀಮಿಯರುಗಳ ಮೇಜಿನಲ್ಲಿ ಕೂತಿದ್ದವರು ರಾಯಭಾರಿಯಾಗಿದ್ದದ್ದು ಇಲ್ಲಿ ನೆರವಾಗದೆ ಇರಲು ಸಾಧ್ಯವಿಲ್ಲ.

ಡೆಟ್ರಾಯಿಟ್ ಮತ್ತು ವಿಂಡ್ಸರ್ ನಡುವಿನ ಹೊಸ ಸೇತುವೆಯ ಕಥೆಯೂ ಇಂಥದ್ದೇ. ಎರಡು ದೇಶಗಳ ಸರಕು ವ್ಯಾಪಾರದ ಕಾಲು ಭಾಗದಷ್ಟು ಸಾಗುತ್ತಿದ್ದ ದಾರಿ 1929ರ ಒಂದು ಖಾಸಗಿ ಸೇತುವೆ. ಹೊಸ ಸೇತುವೆಗೆ ಮಿಶಿಗನ್ ಶಾಸನಸಭೆ ಒಪ್ಪಲಿಲ್ಲ. 2012ರ ಜೂನ್ 15ರಂದು ಗವರ್ನರ್ ರಿಕ್ ಸ್ನೈಡರ್ ತಮ್ಮ ಅಧಿಕಾರದೊಳಗೇ ಕೆನಡಾ ಜೊತೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಅದನ್ನು ಕಟ್ಟಿಹಾಕಬಲ್ಲ ಪ್ರಸ್ತಾಪವನ್ನು ಮಿಶಿಗನ್ ಮತದಾರರು ತಿರಸ್ಕರಿಸಿದರು. ಡಿಸೆಂಬರ್‌ನಲ್ಲಿ ಎರಡೂ ದೇಶದ ಉಕ್ಕು ಬಳಸಲು ವಿನಾಯಿತಿ ಸಿಕ್ಕಿತು, 2013ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಪರವಾನಗಿ ಬಂತು. ಶಾಸನಸಭೆ, ಗವರ್ನರ್, ಜನಮತ, ಕೇಂದ್ರ ಇಲಾಖೆ ಎಂಬ ನಾಲ್ಕು ಅಂಗಳಗಳಲ್ಲಿ ಒಟ್ಟಿಗೆ ನಡೆದ ಆಟವಿದು. ನೆರೆಕಾಲುವೆ ಕಟ್ಟಿಸಿದವರಿಗೆ ಇದು ಹೊಸದಲ್ಲ.

ವಿರೋಧ ಪಕ್ಷದವರನ್ನು ನೇಮಿಸಿದ್ದೇ ಈ ಪ್ರಕರಣದ ದೊಡ್ಡ ಬಲ ಎಂದು ನನಗೆ ತೋರುತ್ತದೆ. 1984ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ಬ್ರಯನ್ ಮಲ್ರೋನಿ, ಒಂಟಾರಿಯೊ ಪ್ರಾಂತ್ಯದಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದ ನಾಯಕರಾಗಿದ್ದ ಸ್ಟೀಫನ್ ಲೂಯಿಸ್ ಅವರನ್ನು ವಿಶ್ವಸಂಸ್ಥೆಗೆ ಕಳಿಸಿದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ, ಆಫ್ರಿಕಾದ ಆರ್ಥಿಕ ಬಿಕ್ಕಟ್ಟಿನ ಬಗ್ಗೆ ಲೂಯಿಸ್ ಗಟ್ಟಿ ದನಿಯಾದರು. ಭಾರತದಲ್ಲೂ ಈ ರೂಢಿ ಹಳೆಯದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಸೇರಿದ್ದ ಆಗಿನ ಮುಂಬಯಿ ರಾಜ್ಯವನ್ನು ಆಳಿದ ಬಿ.ಜಿ. ಖೇರ್ 1952ರಲ್ಲಿ ಲಂಡನ್ನಿಗೆ ಹೈಕಮಿಷನರ್ ಆಗಿ ಹೋದರು. ಗುಜರಾತಿನ ಮೊದಲ ಮುಖ್ಯಮಂತ್ರಿ ಜೀವರಾಜ ಮೆಹತಾ 1963ರಲ್ಲಿ ಅದೇ ಹುದ್ದೆಗೆ ಹೋದರು. ನಮ್ಮ ಸಂವಿಧಾನದ 253ನೇ ವಿಧಿ ಒಪ್ಪಂದ ಜಾರಿಗೆ ಬೇಕಾದ ಕಾನೂನನ್ನು ಸಂಸತ್ತೇ ಮಾಡಬಹುದು ಎನ್ನುತ್ತದೆ, ಆದ್ದರಿಂದ ಕೆನಡಾದಷ್ಟು ತೊಡಕು ನಮಗಿಲ್ಲ ಎನ್ನಬಹುದು. ಆದರೆ 2011ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶದೊಡನೆ ತೀಸ್ತಾ ನೀರಿನ ಒಪ್ಪಂದ ನಿಂತುಹೋದದ್ದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಒಪ್ಪದೆ ಹೋದದ್ದರಿಂದ. ನೀರು, ಗಡಿ, ವಿದ್ಯುತ್ ವಿಷಯವಿದ್ದಲ್ಲಿ ರಾಜ್ಯ ಆಳಿದ ಅನುಭವವೇ ರಾಯಭಾರಕ್ಕೆ ಬೇಕಾದ ಅನುಭವ.

ವಿರೋಧ: ಪರಿಚಯ ಬೇರೆ, ಫಲ ಬೇರೆ

ಗ್ಯಾರಿ ಡೋರ್ ಸಮರ್ಥ ಆಡಳಿತಗಾರರು, ಮೂರು ಚುನಾವಣೆ ಗೆದ್ದವರು. ಅದರಲ್ಲಿ ತಕರಾರಿಲ್ಲ. ಅವರ ಹೆಸರಿಗೆ ಬರೆಯುತ್ತಿರುವ ಗೆಲುವುಗಳು ನಿಜಕ್ಕೂ ಹೇಗೆ ಬಂದವು, ಅವರನ್ನು ಕಳಿಸಿದ ರೀತಿ ಯಾರಿಗೆ ಏನು ನಷ್ಟ ಮಾಡಿತು ಎಂಬುದನ್ನು ಮಾತ್ರ ಇಲ್ಲಿ ಕೇಳುತ್ತೇನೆ.

ಕಾಂಗ್ರೆಸ್ ಸದಸ್ಯರ ಬಳಿ ಹೋಗಿ, ಕ್ಷೇತ್ರದ ಲೆಕ್ಕ ತೋರಿಸಿ ಮಾತಾಡುವ ವಿದ್ಯೆ ರಾಜಕಾರಣಿಗಳಿಂದ ಬಂದದ್ದಲ್ಲ. ಅದನ್ನು ಕೆನಡಾಕ್ಕೆ ಕಲಿಸಿದವರು ಆಲನ್ ಗಾಟ್ಲೀಬ್, ವಿನಿಪೆಗ್‌ನಲ್ಲೇ ಹುಟ್ಟಿ ವಿದೇಶಾಂಗ ಇಲಾಖೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ವೃತ್ತಿನಿರತ ಅಧಿಕಾರಿ. 1979ರಲ್ಲಿ ಸಹಿಯಾಗಿದ್ದ ಪೂರ್ವ ಕರಾವಳಿ ಮೀನುಗಾರಿಕೆ ಒಪ್ಪಂದ ಅಮೆರಿಕದ ಸೆನೆಟ್‌ನಲ್ಲಿ ಸಿಕ್ಕಿಕೊಂಡು 1981ರಲ್ಲಿ ಬಿದ್ದುಹೋಯಿತು. ಶ್ವೇತಭವನ ಸಹಿ ಹಾಕಿದರೂ ಸಾಲದು, ಸೆನೆಟ್ ಗೆಲ್ಲಬೇಕು ಎಂಬ ಪಾಠವನ್ನು ಅದೇ ವರ್ಷ ರಾಯಭಾರಿಯಾಗಿ ಬಂದ ಗಾಟ್ಲೀಬ್ 1989ರವರೆಗಿನ ತಮ್ಮ ಅವಧಿಯಲ್ಲಿ ಪದ್ಧತಿಯಾಗಿ ಕಟ್ಟಿದರು. ಚುನಾವಣೆಗೆ ನಿಲ್ಲದವರೂ ಈ ಕೆಲಸ ಮಾಡಬಲ್ಲರು, ಮಾಡಿದ್ದಾರೆ.

ಮಾಜಿ ಗವರ್ನರುಗಳ ಸಂಪುಟ ಎಂಬ ವಾದವನ್ನು ಒಂದು ಕಡತದ ಮೇಲಿಟ್ಟು ನೋಡೋಣ. ಮಾಂಸದ ಪೊಟ್ಟಣದ ಮೇಲೆ ಪ್ರಾಣಿ ಯಾವ ದೇಶದ್ದೆಂದು ಮುದ್ರಿಸಬೇಕೆಂಬ ಅಮೆರಿಕದ ನಿಯಮ ಮ್ಯಾನಿಟೋಬಾದ ಹಂದಿ ಸಾಕಣೆದಾರರನ್ನು ಹಿಂಡಿತು. ಅಲ್ಲಿ ಹುಟ್ಟಿದ ಮರಿಗಳು ಅಯೋವ, ಮಿನ್ನೆಸೋಟಗಳಿಗೆ ಹೋಗಿ ಕೊಬ್ಬುತ್ತವೆ. ಎರಡು ದೇಶದ ಪ್ರಾಣಿಗಳನ್ನು ಬೇರೆ ಬೇರೆ ಕೂಡಿಹಾಕಿ, ಬೇರೆ ದಿನ ಕಡಿದು, ಬೇರೆ ಚೀಟಿ ಅಂಟಿಸುವ ಖರ್ಚು ಬೇಡವೆಂದು ಖರೀದಿದಾರರು ಕೆನಡಾದ ಮರಿಗಳನ್ನೇ ಕೈಬಿಟ್ಟರು. ಕೃಷಿ ಸಚಿವರು ಯಾರು? ಅಯೋವದ ಮಾಜಿ ಗವರ್ನರ್ ವಿಲ್ಸಾಕ್. 2013ರ ಮೇ ತಿಂಗಳಲ್ಲಿ ಅವರ ಇಲಾಖೆ ನಿಯಮವನ್ನು ಸಡಿಲಿಸುವ ಬದಲು, ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ಕಡಿದದ್ದೆಲ್ಲಿ ಎಂದು ಮೂರನ್ನೂ ಬರೆಯುವಂತೆ ಬಿಗಿ ಮಾಡಿತು. ಕೆನಡಾ ಗೆದ್ದದ್ದು ವಿಶ್ವ ವಾಣಿಜ್ಯ ಸಂಸ್ಥೆಯಿರುವ ಜಿನೀವಾದಲ್ಲಿ. 2008ರ ಡಿಸೆಂಬರ್‌ನಲ್ಲಿ, ಅಂದರೆ ಡೋರ್ ಬರುವ ಮೊದಲೇ, ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಹೋಗಿತ್ತು. 2011, 2012, 2015ರಲ್ಲಿ ಹಂತ ಹಂತವಾಗಿ ತೀರ್ಪುಗಳು ಬಂದವು. 2015ರ ಡಿಸೆಂಬರ್ 7ರಂದು ವರ್ಷಕ್ಕೆ ಸುಮಾರು 105.5 ಕೋಟಿ ಕೆನಡಾ ಡಾಲರ್ ಮೌಲ್ಯದ ಪ್ರತಿಸುಂಕ ಹೇರಲು ಕೆನಡಾಕ್ಕೆ ಅನುಮತಿ ಸಿಕ್ಕಿತು. ಹನ್ನೊಂದೇ ದಿನದಲ್ಲಿ ಅಮೆರಿಕ ಗೋಮಾಂಸ, ಹಂದಿಮಾಂಸಕ್ಕೆ ಆ ನಿಯಮವನ್ನು ರದ್ದು ಮಾಡಿತು. ಏಳು ವರ್ಷ ಕಡತ ಹಿಡಿದು ಕೂತದ್ದು ವಾಣಿಜ್ಯ ವಕೀಲರು. ಕದ ತೆರೆಸಿದ್ದು ಸುಂಕದ ಭಯ. ಆ ಏಳು ವರ್ಷದಲ್ಲಿ ಹಂದಿ ಸಾಕುವುದನ್ನೇ ನಿಲ್ಲಿಸಿದ ರೈತರಿಗೆ ರಾಯಭಾರಿಯ ಪರಿಚಯಗಳಿಂದ ಏನೂ ಸಿಗಲಿಲ್ಲ.

ಸೇತುವೆ ಕಟ್ಟಲು ಒಪ್ಪಿಗೆ ಸಿಕ್ಕಿದ್ದರ ಹಿಂದೆ ಇನ್ನೂ ಸರಳವಾದ ಕಾರಣವಿದೆ. ಮಿಶಿಗನ್ ಭರಿಸಬೇಕಿದ್ದ 55 ಕೋಟಿ ಡಾಲರನ್ನು ಕೆನಡಾವೇ ಮುಂಗಡವಾಗಿ ಹಾಕುವುದಾಗಿ ಹೇಳಿತು, ಸೇತುವೆ ದಾಟುವ ವಾಹನಗಳ ಸುಂಕದ ಹಣದಿಂದ ಆಮೇಲೆ ವಸೂಲು ಎಂದು. ಅಷ್ಟಾದ ಮೇಲೂ ಅಮೆರಿಕದ ಕೇಂದ್ರ ಸರ್ಕಾರ ತನ್ನದೇ ನೆಲದ ಕಸ್ಟಮ್ಸ್ ಅಂಗಳಕ್ಕೆ ಹಣ ಕೊಡಲಿಲ್ಲ. 2015ರ ಫೆಬ್ರವರಿಯಲ್ಲಿ ಅದರ ಹೊಣೆಯೂ ಕೆನಡಾದ ತಲೆಗೇ ಬಂತು. ಇಡೀ ಖರ್ಚನ್ನು ಒಂದು ದೇಶವೇ ಹೊತ್ತಾಗ ಸಿಕ್ಕ ಒಪ್ಪಿಗೆಯನ್ನು ರಾಯಭಾರದ ಚಾಕಚಕ್ಯತೆ ಎನ್ನಲಾಗದು. ಖರೀದಿ ಒಪ್ಪಂದದ ವಿಷಯವೂ ಹಾಗೆ. ಟೆಂಡರ್ ತೆರೆಯಲು ಪ್ರೀಮಿಯರುಗಳು 2009ರ ಬೇಸಿಗೆಯಲ್ಲೇ ಮುಂದೆ ಬಂದಿದ್ದರು. 2010ರ ಫೆಬ್ರವರಿಯಲ್ಲಿ ಕೆನಡಾಕ್ಕೆ ಚೇತರಿಕೆ ಕಾನೂನಿನ ಏಳು ಯೋಜನೆಗಳಲ್ಲಿ ಮಾತ್ರ ಪ್ರವೇಶ ಸಿಕ್ಕಿತು. ಅಷ್ಟು ಹೊತ್ತಿಗೆ ಆ ಹಣದ ಬಹುಪಾಲು ಹಂಚಿಕೆಯಾಗಿಹೋಗಿತ್ತು.

ಡೆವಿಲ್ಸ್ ಲೇಕ್ ಬಗ್ಗೆ ಪರ ವಾದ ಆತುರದಿಂದ ಮುಂದೆ ಹೋಗಿದೆ. ಅಲ್ಲಿ ತಡೆದು ನಿಲ್ಲಬೇಕು, ಏಕೆಂದರೆ ರಾಜಕಾರಣಿಯ ರಾಯಭಾರ ಎಲ್ಲಿ ಸೋಲುತ್ತದೆ ಎಂಬುದು ಅಲ್ಲಿ ಕಾಣುತ್ತದೆ. 1909ರ ಗಡಿ ಜಲ ಒಪ್ಪಂದದ ಪ್ರಕಾರ ಇಂಥ ವಿವಾದವನ್ನು ಎರಡೂ ದೇಶಗಳ ಜಂಟಿ ಆಯೋಗಕ್ಕೆ ಒಪ್ಪಿಸಬಹುದು. ಆಯೋಗ ನೀರು ಪರೀಕ್ಷಿಸಿ, ಸಾಕ್ಷ್ಯ ಕೇಳಿ, ವರದಿ ಕೊಡುತ್ತದೆ. ಮ್ಯಾನಿಟೋಬಾ ಕೇಳಿದ್ದೂ ಅದನ್ನೇ, ಆದರೆ ಅದು ಸಿಗಲಿಲ್ಲ. ಕೈಗೆ ಬಂದದ್ದು 2005ರ ಒಂದು ಜಂಟಿ ಹೇಳಿಕೆ, ತುರ್ತಿಗೆ ಜಲ್ಲಿಕಲ್ಲಿನ ಸೋಸುಕಟ್ಟೆ, ಮುಂದೆ ಒಳ್ಳೆಯ ಶುದ್ಧೀಕರಣ ವ್ಯವಸ್ಥೆ ಮಾಡೋಣ ಎಂಬ ಮಾತು. ಜಲ್ಲಿ ದೊಡ್ಡ ಮೀನನ್ನು ತಡೆದೀತು. ಕರಗಿದ ಸಲ್ಫೇಟನ್ನು, ಕಣ್ಣಿಗೆ ಕಾಣದ ರೋಗಾಣುವನ್ನು ಅದು ತಡೆಯದು. ಮಾತು ಕೊಟ್ಟ ಆ ಮುಂದುವರಿದ ವ್ಯವಸ್ಥೆ ಬರಲೇ ಇಲ್ಲ. ನ್ಯಾಯಮಂಡಳಿಯ ಆದೇಶಕ್ಕೂ ಮುಖ್ಯಮಂತ್ರಿಗಳ ಕೈಕುಲುಕಿಗೂ ಇರುವ ಅಂತರ ಕೃಷ್ಣೆ, ಕಾವೇರಿ, ಮಹದಾಯಿ ನೋಡಿದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು.

ಕೀಸ್ಟೋನ್ ಎಕ್ಸ್‌ಎಲ್ ಈ ಅವಧಿಯ ಅತಿ ದೊಡ್ಡ ಕಡತ: ಆಲ್ಬರ್ಟಾದ ಹಾರ್ಡಿಸ್ಟಿಯಿಂದ ನೆಬ್ರಾಸ್ಕದ ಸ್ಟೀಲ್ ಸಿಟಿವರೆಗೆ ಸುಮಾರು 1,900 ಕಿಲೋಮೀಟರ್, ದಿನಕ್ಕೆ 8.3 ಲಕ್ಷ ಬ್ಯಾರೆಲ್. ಕಾಂಗ್ರೆಸ್‌ನಲ್ಲಿ ಬೆಂಬಲ ಕೂಡಿತು, ನಿಜ. 2015ರ ಜನವರಿಯಲ್ಲಿ ಸೆನೆಟ್ 62–36 ಮತದಿಂದ ಮಸೂದೆ ಒಪ್ಪಿತು. ಒಬಾಮ ಫೆಬ್ರವರಿಯಲ್ಲಿ ವೀಟೊ ಮಾಡಿದರು. ಮಾರ್ಚ್‌ನಲ್ಲಿ ಅದನ್ನು ಮೀರಲು ನಡೆದ ಮತದಾನ 62–37ಕ್ಕೆ ನಿಂತಿತು, ಮೂರನೇ ಎರಡರಷ್ಟು ಸಿಗಲಿಲ್ಲ. ನವೆಂಬರ್ 6ರಂದು ಅರ್ಜಿಯೇ ತಿರಸ್ಕೃತವಾಯಿತು. ಗಡಿ ದಾಟುವ ತೈಲ ಕೊಳವೆಗೆ ಪರವಾನಗಿ ಕೊಡುವ ಅಧಿಕಾರ ಅಧ್ಯಕ್ಷರದ್ದು, ಅದರ ಪರಿಶೀಲನೆ ವಿದೇಶಾಂಗ ಇಲಾಖೆಯದ್ದು. ಇದು ಮೊದಲ ದಿನದಿಂದ ಗೊತ್ತಿದ್ದ ಸಂಗತಿ. ಸೆನೆಟ್‌ನ ಮತ ಕೂಡಿಸುವುದರಿಂದ ಅಧ್ಯಕ್ಷರ ಮೇಜಿನ ಕಡತ ಅಲುಗಲಿಲ್ಲ. ಜಾನ್ ಹೊವೆನ್ ಕೀಸ್ಟೋನ್ ಪರ ನಿಂತದ್ದಕ್ಕೆ ಹಳೆಯ ಪರಿಚಯ ಬೇಕಿರಲಿಲ್ಲ. ದಿನಕ್ಕೆ ಒಂದು ಲಕ್ಷ ಬ್ಯಾರೆಲ್‌ನಷ್ಟು ಜಾಗ ನಾರ್ತ್ ಡಕೋಟ, ಮೊಂಟಾನಗಳ ತೈಲಕ್ಕೂ ಮೀಸಲಾಗಿತ್ತು.

ಅದೇ ಕಡತದಲ್ಲಿ ಇನ್ನೊಂದು ಹೊರೆಯಿತ್ತು. 2008ರಲ್ಲಿ ಡೋರ್ ಸರ್ಕಾರ ಮಾಡಿದ ಹವಾಮಾನ ಕಾನೂನು, 2012ರೊಳಗೆ ಪ್ರಾಂತ್ಯದ ಇಂಗಾಲ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಶೇ. 6ರಷ್ಟು ಇಳಿಸುವುದಾಗಿ ಹೇಳಿತ್ತು. ಆ ಗುರಿ ತಪ್ಪಿತು. 2011ರ ಡಿಸೆಂಬರ್‌ನಲ್ಲಿ ಕೆನಡಾ ಇಂಗಾಲ ಹೊರಸೂಸುವಿಕೆ ಇಳಿಸುವ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದದಿಂದಲೇ ಹೊರಬರುವುದಾಗಿ ಸಾರಿತು. ಕ್ಯೋಟೊ ಪರ ಕಾನೂನು ಮಾಡಿದವರೇ ಈಗ ಕೀಸ್ಟೋನ್ ಸಾಗಿಸಬೇಕಿದ್ದ ಆಲ್ಬರ್ಟಾದ ಮರಳುತೈಲದ ಪರ ಮಾತಾಡಬೇಕಾಯಿತು. ರಾಯಭಾರಿ ಹೇಳುವುದು ತನ್ನ ಸರ್ಕಾರದ ಮಾತನ್ನು, ಸ್ವಂತದ್ದನ್ನಲ್ಲ, ಒಪ್ಪುತ್ತೇನೆ. ವೃತ್ತಿನಿರತ ಅಧಿಕಾರಿಗೆ ಹಿಂದೆ ಹೇಳಿದ ಮಾತುಗಳ ಹೊರೆ ಇರುವುದಿಲ್ಲ, ರಾಜಕಾರಣಿಗೆ ಇರುತ್ತದೆ. ಭಾರತದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಸಿದ್ಧಾರ್ಥ ಶಂಕರ್ ರೇ: 1972ರಿಂದ 1977ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ, ತುರ್ತು ಪರಿಸ್ಥಿತಿಯ ಸಲಹೆಗಾರರಲ್ಲಿ ಒಬ್ಬರು, 1986ರಿಂದ 1989ರವರೆಗೆ ಉಗ್ರವಾದದ ದಿನಗಳ ಪಂಜಾಬಿನ ರಾಜ್ಯಪಾಲರು. 1992ರಿಂದ 1996ರವರೆಗೆ ಅವರು ವಾಷಿಂಗ್ಟನ್ನಿನಲ್ಲಿ ಭಾರತದ ರಾಯಭಾರಿಯಾಗಿದ್ದಾಗ ಅಮೆರಿಕದ ಕಾಂಗ್ರೆಸ್‌ನಲ್ಲಿ ಭಾರತದ ವಿರುದ್ಧ ಎತ್ತುತ್ತಿದ್ದ ಮುಖ್ಯ ವಿಷಯ ಪಂಜಾಬ್ ಮತ್ತು ಕಾಶ್ಮೀರದ ಮಾನವ ಹಕ್ಕು. ಉತ್ತರ ಹೇಳಬೇಕಾದವರು ಪಂಜಾಬಿನ ಆಡಳಿತದಲ್ಲಿ ತಾವೇ ಇದ್ದವರು.

ಈಗ ನೇಮಕದ ರೀತಿ. ಕೆನಡಾದಲ್ಲಿ ಸಿರಿವಂತ ಪ್ರಾಂತ್ಯಗಳಿಗಿಂತ ಆದಾಯ ಕಡಿಮೆಯಿರುವ ಪ್ರಾಂತ್ಯಗಳಿಗೆ ಕೇಂದ್ರ ಸಮೀಕರಣ ಅನುದಾನ ಕೊಡುತ್ತದೆ. ಡೋರ್ ಅವಧಿಯ ಕೊನೆಯ ವರ್ಷಗಳಲ್ಲಿ ಮ್ಯಾನಿಟೋಬಾಕ್ಕೆ ಬರುತ್ತಿದ್ದದ್ದು ವರ್ಷಕ್ಕೆ 200 ಕೋಟಿ ಡಾಲರ್ ಆಸುಪಾಸು. ಆ ಮೊತ್ತ ನಿರ್ಧರಿಸುವ ಸರ್ಕಾರದ ಪ್ರಧಾನಿ, ಆ ಮೊತ್ತಕ್ಕಾಗಿ ಗುದ್ದಾಡಬೇಕಾದ ಪ್ರೀಮಿಯರ್‌ಗೆ ಹುದ್ದೆ ಕೊಡುತ್ತಾರೆ. ರಾಜೀನಾಮೆಯ ಘೋಷಣೆಗೂ ನೇಮಕದ ಘೋಷಣೆಗೂ ನಡುವೆ ಇದ್ದದ್ದು ಒಂದು ರಾತ್ರಿ. ಹಾಗಾದರೆ ಆ ಮಾತುಕತೆ ನಡೆದದ್ದು ಅವರು ಪ್ರೀಮಿಯರ್ ಆಗಿದ್ದಾಗಲೇ. ಅನುದಾನದಲ್ಲಿ ಅವರು ರಾಜಿ ಮಾಡಿಕೊಂಡರು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಆ ಸಂಶಯಕ್ಕೆ ಜಾಗ ಬಿಟ್ಟ ವ್ಯವಸ್ಥೆ ಕೆಟ್ಟದ್ದು. ವಿರೋಧ ಪಕ್ಷದವರನ್ನು ನೇಮಿಸಿದ್ದೇ ದೊಡ್ಡ ಬಲ ಎಂದು ಪರ ವಾದ ಹೇಳುತ್ತದೆ. ನನಗೆ ಅದೇ ಹೆಚ್ಚು ಅಪಾಯಕಾರಿ ಎನಿಸುತ್ತದೆ: ಕೇಂದ್ರಕ್ಕೆ ಎದುರು ನಿಲ್ಲಬೇಕಾದ ಪ್ರಾಂತೀಯ ನಾಯಕನ ಕಣ್ಣು ಕೇಂದ್ರ ಕೊಡಬಹುದಾದ ಹುದ್ದೆಯ ಮೇಲೆ ಬೀಳುತ್ತದೆ. ಪ್ರಾಂತ್ಯಕ್ಕೆ ಆದದ್ದನ್ನೂ ನೋಡಬೇಕು. 2007ರಲ್ಲಿ ಜನ ಡೋರ್‌ಗೆ ಪೂರ್ಣ ಅವಧಿ ಕೊಟ್ಟಿದ್ದರು. ಅವರ ಜಾಗಕ್ಕೆ ಗ್ರೆಗ್ ಸೆಲಿಂಗರ್ ಅವರನ್ನು ಪಕ್ಷ ಆರಿಸಿತು. ಮತದಾರರಿಗೆ ಹೇಳುವ ಅವಕಾಶ ಸಿಕ್ಕಿದ್ದು 2011ರ ಅಕ್ಟೋಬರ್‌ನಲ್ಲಿ.

ಇಂಥ ರಾಯಭಾರ ಸರ್ಕಾರದ ಆಯುಷ್ಯಕ್ಕೆ ಕಟ್ಟಿಕೊಂಡಿರುತ್ತದೆ ಎಂಬುದು ಮತ್ತೊಂದು ದೋಷ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ 1987ರಲ್ಲಿ ಎಲ್ಲಾ 58 ಸ್ಥಾನ ಗೆದ್ದು ಪ್ರೀಮಿಯರ್ ಆದ ಫ್ರ್ಯಾಂಕ್ ಮೆಕೆನಾ 2005ರಲ್ಲಿ ವಾಷಿಂಗ್ಟನ್‌ಗೆ ಹೋದರು. 2006ರ ಜನವರಿಯಲ್ಲಿ ಕೇಂದ್ರದ ಚುನಾವಣೆಯಲ್ಲಿ ಅವರ ಲಿಬರಲ್ ಪಕ್ಷ ಸೋತ ಕೂಡಲೇ ರಾಜೀನಾಮೆ ಕೊಟ್ಟರು. ಒಂದು ವರ್ಷದಲ್ಲಿ ಯಾವ ಕಡತ ಹಣ್ಣಾದೀತು? ಡೋರ್ ಆರು ವರ್ಷ ದಾಟಿದರು, ಆದರೆ 2015ರ ನವೆಂಬರ್‌ನಲ್ಲಿ ಲಿಬರಲ್ ಪಕ್ಷದ ಜಸ್ಟಿನ್ ಟ್ರೂಡೊ ಸರ್ಕಾರ ಬಂದ ಮೇಲೆ ಬದಲಿ ನೇಮಕಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಅಮೆರಿಕದ ರಾಯಭಾರಿಗಳು ಸೆನೆಟ್ ಒಪ್ಪಿಗೆ ಪಡೆಯಬೇಕು. ಕೆನಡಾದಲ್ಲಿ ಸಂಪುಟದ ಆದೇಶ ಸಾಕು. ಕೆಳಮನೆಯ ಸ್ಥಾಯಿ ನಿಯಮ 110 ಮತ್ತು 111ರಂತೆ ನೇಮಕವಾದ ಮೇಲೆ 30 ಕಲಾಪ ದಿನಗಳೊಳಗೆ ಸಮಿತಿ ಅವರನ್ನು ಕರೆದು ಅರ್ಹತೆ ಪ್ರಶ್ನಿಸಬಹುದು, ನೇಮಕವನ್ನು ತಡೆಯುವಂತಿಲ್ಲ. ಈ ವಿಚಾರಣೆಯನ್ನು ಹಿಂದಕ್ಕೆ ತಂದು, ಆತಿಥೇಯ ದೇಶದ ಒಪ್ಪಿಗೆ ಕೇಳುವ ಮೊದಲೇ ಮಾಡಬೇಕು. ಪ್ರೀಮಿಯರ್ ಹುದ್ದೆ ಬಿಟ್ಟು ಹನ್ನೆರಡು ತಿಂಗಳು ಕಳೆಯುವವರೆಗೆ ಕೇಂದ್ರದ ಯಾವ ನೇಮಕವನ್ನೂ ಒಪ್ಪಿಕೊಳ್ಳಬಾರದೆಂಬ ನಿಯಮ ಬೇಕು, ಆ ವರ್ಷದಲ್ಲಿ ಕಚೇರಿಯನ್ನು ಎರಡನೆಯ ಸ್ಥಾನದ ವೃತ್ತಿನಿರತ ಅಧಿಕಾರಿ ನಡೆಸಲಿ. ಆಮೇಲೂ ಡೋರ್ ಅಂಥವರೇ ಬೇಕೆನಿಸಿದರೆ, 2009ರ ಆಗಸ್ಟ್ 28ರ ಬದಲು 2010ರ ಶರತ್ಕಾಲದಲ್ಲಿ, ಸಮಿತಿಯ ಎದುರು ಕೂತು ಕೀಸ್ಟೋನ್ ಬಗ್ಗೆಯೂ ಡೆವಿಲ್ಸ್ ಲೇಕ್ ಬಗ್ಗೆಯೂ ಉತ್ತರ ಕೊಟ್ಟು ಹೋಗಲಿ.